ಒದೆತಕ್ಕೆ ಕಾದ ಕೈ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ತುಂಬು ಬಸುರಿಯೊಬ್ಬಳು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ಅವಳ ಗಂಡ. ರೋಗಿಗಳ ಉಸಿರು, ಮೈಬಿಸಿ ಎಲ್ಲ ಗಮನಿಸುವ ಯಂತ್ರಕ್ಕೆ ಇಬ್ಬರೂ ಸೇರಿ ಪ್ರೋಗ್ರಾಂ ಬರೆಯುತ್ತಿದ್ದರೆಂದು ಮಾತಿನಿಂದಲೇ ತಿಳಿಯಿತು.

“ರೀ, ಈಗ ಒದೀತು!”

ಅವನು ಹೊಟ್ಟೆಯ ಮೇಲೆ ಕೈಯಿಟ್ಟ.

“ಎಲ್ಲಿ? ಮತ್ತೆ ತಪ್ಪಿಹೋಯ್ತಾ? ಊರಿಗೆಲ್ಲ ಸಿಕ್ಕಿದೆ, ಅಪ್ಪನಿಗೆ ಮಾತ್ರ ಇಲ್ಲ!”

“ನಿಮ್ಮ ಕೈ ಯಾವಾಗಲೋ ಒಮ್ಮೆ ಬರುತ್ತೆ, ಒದೆತ ಅರೆಕ್ಷಣದ್ದು. ನಮ್ಮ ಯಂತ್ರಕ್ಕೆ ಉಸಿರು ತಪ್ಪಿದ್ದು ಕಾಣದೇ ಹೋಗಿದ್ದೂ ಹೀಗೇ ಅಲ್ವಾ?”

“ಅದಕ್ಕೇ ಎಲ್ಲಾನೂ ಬೇಗ ಬೇಗ ನೋಡು ಅಂತ ಬರೆದೆ.”

“ಆಗ ಅದಕ್ಕೆ ಪುರುಸೊತ್ತೇ ಇಲ್ದೆ ಅಲಾರಂ ತಡವಾಯ್ತು. ಮೈಬಿಸಿ ನಿಧಾನಕ್ಕೆ ಏರೋದು, ನಿಮಿಷಕ್ಕೊಮ್ಮೆ ನೋಡಿದ್ರೆ ಸಾಕು. ಮಿಕ್ಕ ಹೊತ್ತು ಉಸಿರಿಗೆ ಕೊಡಿ.”

“ಸರಿ ಮೇಡಂ. ಒದೆತಕ್ಕೆ?”

“ಲ್ಯಾಪ್‌ಟಾಪ್ ಮುಚ್ಚಿ. ಕೈ ತೆಗೀಬೇಡಿ.”

ಮುಚ್ಚಿದ. ದೇವರ ಮುಂದೆ ಕೂತವನಂತೆ ಕಣ್ಣನ್ನೂ ಮುಚ್ಚಿದ. ಅವನಿಗಾಗಿ ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ.

“ಒಳಗೆ ಬನ್ನಿ” ಎಂದಳು ನರ್ಸ್.

“ಒಂದ್ನಿಮಿಷ ಸಿಸ್ಟರ್... ಒದೀತು! ಒದೀತು ಕಣೇ!”

“ನನಗೆ ಹೇಳ್ತೀರಾ? ಒದೆ ತಿಂದಿದ್ದು ನಾನು!”

ಬೆಂಚಿಗೆ ಬೆಂಚೇ ನಕ್ಕಿತು. ಅವನು ಕೈ ತೆಗೆಯದೆ, ಅವಳ ಪಕ್ಕದಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತ ಒಳಗೆ ಹೋದ.