ಭಾನುವಾರದ ಬಾವು

ಔಷಧಿ ಅಂಗಡಿಯ ಸಾಲಿನಲ್ಲಿ ಕಾಲು ಬದಲಿಸುತ್ತ ನಿಂತಿದ್ದ ಮೇಷ್ಟ್ರ ಕಿವಿಗೆ, ಮುಂದಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಬೀಳುತ್ತಿತ್ತು. ಅಕ್ಕನ ಬೆರಳ ಗಂಟುಗಳು ಕೆಂಪಗೆ ಬಾತಿದ್ದವು.

“ಇಸ್ತ್ರಿಪೆಟ್ಟಿಗೆ ಹಿಡಿದೂ ಹಿಡಿದೂ ಹೀಗಾಗಿದೆ ಕಣಕ್ಕ.”

“ಇಸ್ತ್ರಿ ಅಂಗಡೀಲಿದ್ದಾಗ ಏನೂ ಇರಲ್ಲ ಕಣೇ. ಭಾನುವಾರ ಮನೇಲಿದ್ರೆ ಸಾಕು, ಬಾತ್ಕೊಳ್ಳುತ್ತೆ.”

“ಭಾವ, ನಿನ್ನ ಮಗ ಇನ್ನೂ ಮಾತು ಬಿಟ್ಟೇ ಇದಾರಾ?”

“ಹೂಂ. ಇಬ್ಬರ ಮಾತಿಗೂ ನಾನೇ ಬೇಕು. ಬೈಗುಳಕ್ಕೂ.”

“ಮನಸ್ಸಿಗೇನಾದ್ರೂ ಬೇಜಾರಿದೆಯಾ, ಅದಕ್ಕೂ ಬಾವು ಏರುತ್ತೆ ಅಂತ ಡಾಕ್ಟರೇ ಕೇಳಿದ್ರಲ್ಲ?”

“ಮನೆ ಮಾತು ಅಲ್ಲಿ ಹೇಗಾಡ್ಲಿ? ಇಲ್ಲ ಅಂದೆ. ಹದಿನೈದು ದಿನ ಮನೇಲೇ ಇರಿ ಅಂತ ಬರೆದುಕೊಟ್ರು.”

“ಅಯ್ಯೋ! ನಮ್ಮನೆಗೆ ಬಂದ್ಬಿಡು.”

ಅಷ್ಟರಲ್ಲಿ ಅಕ್ಕನ ಫೋನು ಹೊಡೆದುಕೊಂಡಿತು.

“ಹೂಂ ಕಣಪ್ಪ, ನಿಮ್ಮಪ್ಪನಿಗೆ ಹೇಳ್ತೀನಿ,” ಎನ್ನುತ್ತ ಅವಳು ಮಾತ್ರೆ ಪೊಟ್ಟಣಕ್ಕೆ ಕೈ ಹಾಕಿದಳು. ಬೆರಳು ಮಡಚಲಾಗಲಿಲ್ಲ. ತಂಗಿಯೇ ಅದನ್ನು ಎತ್ತಿಕೊಂಡು, “ನಡಿ, ನಮ್ಮನೆಗೇ,” ಎನ್ನುತ್ತ ಅಕ್ಕನ ತೋಳು ಹಿಡಿದು ನಡೆದಳು.