ಪತ್ರ ಓದೋ ಪುಟ್ಮಾದಪ್ಪ

...ಅಲ್ಲ ಕಣ್ರೋ, ಅವ್ನೇನು ಉಟ್ತಾನೇ ಕಳ್ಳ ಆಗಿರ್ನಿಲ್ಲ, ಅದ್ನ ಮೊದ್ಲು ತಿಳ್ಕಳಿ. ಪುಟ್ಮಾದಪ್ಪ ಅಂದ್ರೆ ಆಗ ನಮ್ಮ ಕೌದಳ್ಳಿಗೇ ಬೇಕಾದೋನು. ಯಾಕೇಂತೀರಾ? ನಮ್ ಕೊಳ್ಳೇಗಾಲ ಸೀಮೆ ಮದರಾಸಿಗೆ ಸೇರಿತ್ತಲ್ಲ, ಐವತ್ತಾರ್ರಲ್ಲಿ ಮೈಸೂರಿಗೆ ಬಂತು. ಜನ ಏನೋ ಬಂದ್ರು, ಜಮೀನಿನ ಪತ್ರಗಳು? ಅವೆಲ್ಲ ತಮಿಳಲ್ಲೇ ಇದ್ವು. ತಮಿಳು ಮಾತು ಎಲ್ರಿಗೂ ಬತ್ತಿತ್ತು, ಸಂತೇಲಿ ಜಗಳ ಆಡೋವಷ್ಟು ಬತ್ತಿತ್ತು, ಅಕ್ಷರ ಮಾತ್ರ ಒಬ್ರಿಗೂ ಗೊತ್ತಿರ್ನಿಲ್ಲ. ಇವ್ನೊಬ್ನೇ ತಮಿಳು ಇಸ್ಕೂಲಲ್ಲಿ ಓದಿದ್ದೋನು. ಚಾವಡಿ ಜಗ್ಲಿ ಮೇಲೆ ಕುಂತ್ಕಂಡು ಬಂದೋರ ಪತ್ರ ನೋಡೋನು, ಅದ್ರಲ್ಲಿ ಇಂಗಿಂಗೆ ಐತೆ ಅಂತ ಕನ್ನಡದಲ್ಲಿ ಏಳೋನು, ಅರ್ಜಿ ಬರ್ದು ಕೊಡೋನು. ಒಂದ್ ಲೋಟ ಕಾಪಿನೂ ಮುಟ್ತಿರ್ನಿಲ್ಲ. 'ದೇವ್ರಂಥ ಮನ್ಸ' ಅನ್ನೋರು, ಅವ್ನು ತೋರ್ಸಿದ ಕಡೆ ಎಬ್ಬೆಟ್ಟು ಒತ್ತೋರು. ದೇವ್ರಂಥೋನ್ನ ಸುಮ್ನೆ ಬುಟ್ಟಾರಾ? ಪಂಚಾಯ್ತಿ ಚೇರ್ಮನ್ ಮಾಡುದ್ರು, ಎದ್ರಿಗೆ ಒಬ್ನೂ ನಿಲ್ನಿಲ್ಲ. ಆಮೇಲೆ ತಾಲ್ಲೂಕು ಬೋರ್ಡು. ಜೀಪು ಬಂತು, ಇಸ್ತ್ರಿ ಅಂಗಿ ಬಂತು, ಕಾಪಿನೂ ಕುಡಿಯಕೆ ಶುರು ಮಾಡ್ದ ಅನ್ನಿ.

ನಾನು ಸೊಸೆಯಾಗಿ ಬಂದಿದ್ದು ಅರವತ್ಮೂರು... ತಡೀರಿ, ನಿಮ್ ದೊಡ್ಡಪ್ಪ ಉಟ್ಟಿದ್ದೇ ಅರವತ್ಮೂರು, ಅಂಗಾರೆ ಅರವತ್ತೆರಡು. ನಮ್ಮತ್ತೆ ಗಂಡ ಸತ್ತೋಳು. ಅವ್ಳಿಗಿದ್ದುದ್ದೇ ಬಾವಿ ಇರೋ ಒಂದೆಕ್ರೆ ಇಪ್ನೇರ್ಳೆ ತ್ವಾಟ. ಆ ಸೊಪ್ಪಲ್ಲಿ ರೇಷ್ಮೆ ಉಳ ಸಾಕುದ್ರೆ ನಮ್ಗೆ ಉಣ್ಣಕೆ ಇಟ್ಟು, ಇಲ್ದಿದ್ರೆ ಇಲ್ಲ. ಒಂದಿನ ಸರ್ವೆಯೋನು ಸರಪಣಿ ಎಳ್ಕಂಡು ಬಂದ. 'ಇದು ಪುಟ್ಮಾದಪ್ಪೋರ ಜಮೀನು ಕಣಮ್ಮ, ನೀವು ಬುಡ್ಬೇಕು' ಅಂದ. ಅತ್ತೆ ಬದಿನ ಮೇಲೆ ಕುಸ್ದು ಕುಂತ್ಲು. ಖಾತೆ ನಿನ್ನೆಸ್ರಿಗೆ ಮಾಡುಸ್ತೀನಿ ಅಂತ ಇಂದೆ ಪುಟ್ಮಾದಪ್ಪ ಅತ್ತೆ ತಾವ ಎಬ್ಬೆಟ್ಟು ಒತ್ತಿಸ್ಕಂಡು, ತನ್ನೆಸ್ರಿಗೇ ಮಾಡ್ಕಂಡಿದ್ನಂತೆ. ನಿಮ್ ತಾತ ಮಚ್ಚು ತಕಂಡ. 'ಇಡ್ಲಾ ಅದ್ನ, ಜೈಲಿಗೋದ್ರೆ ತ್ವಾಟ ಬತ್ತದಾ?' ಅಂತ ಅತ್ತೆ ಬಯ್ದು, ಪೆಟ್ಟಿಗೇಲಿದ್ದ ಹಳೇ ಪತ್ರ ತಕಂಡು ಚಾವಡಿಗೆ ಒಂಟ್ಲು. ನಾನೂ ಅವ್ಳ ಇಂದೆ ಒಂಟೆ.

ಎಲೆಕ್ಸನ್ ಟೇಮು, ಚಾವಡಿ ತುಂಬ ಜನ. ಪುಟ್ಮಾದಪ್ಪ ಅತ್ತೆ ಕೊಟ್ಟ ಪತ್ರ ಬಿಚ್ಚಿ, 'ಕೇಳ್ಕಳವ್ವ, ನಿನ್ ಮಾವ ನಮ್ಮಪ್ಪಂಗೆ ಮಾರವ್ನೆ ಅಂತ ಬರ್ದದೆ' ಅಂದ. ಪತ್ರ ಮರೆ ಮಾಡೋ ಅಭ್ಯಾಸನೇ ತಪ್ಪೋಗಿತ್ತು ಅವ್ನಿಗೆ, ನೋಡೋರಿದ್ರೂ ಓದೋರಿರ್ನಿಲ್ವಲ್ಲ. ನನ್ ತೌರು ತಾಳವಾಡಿ ಕಡೆ, ಅದು ಮದರಾಸಲ್ಲೇ ಉಳ್ಕಂತು, ನಾನು ಮೂರ್ನೇ ಕಳಾಸ್ ಗಂಟ ತಮಿಳು ಓದಿದ್ದೆ. ಎಣ್ಣು ನೋಡಕೆ ಬಂದಾಗ ರಾಗಿ ಬೀಸಕೆ ಬತ್ತದಾ ಅಂತ ಕೇಳುದ್ರು, ಅಕ್ಷರ ಬತ್ತದಾ ಅಂತ ಯಾರು ಕೇಳಾರು! ಕಂಬದ ಮರೇಲಿ ನಿಂತು ಬಗ್ಗಿ ನೋಡ್ದೆ. 'ಅಯ್ಯಾ, ಅಂಗೆ ಬರ್ದಿಲ್ಲ' ಅಂದ್ಬುಟ್ಟೆ.

'ಯಾವೋಳಮ್ಮಿ ಅವ್ಳು, ಗಂಡಸ್ರ ಮುಂದೆ ಬಾಯಿ ಬುಡೋಳು?' ಅಂತ ಪುಟ್ಮಾದಪ್ಪ ಗದರ್ದ.

ಅತ್ತೆ ನನ್ ಕಡೆ ತಿರುಗಿದ್ಲು. ಒಡೀತಾಳೆ ಅಂದ್ಕಂಡೆ. ಅವ್ನ ಕೈಯಿಂದ ಪತ್ರ ಕಿತ್ಕಂಡು ನನ್ ಕೈಗೆ ಕೊಟ್ಟು, 'ಓದವ್ವ' ಅಂದ್ಲು. ಓದ್ದೆ. ತಮಿಳಲ್ಲೇ ಓದ್ದೆ, ಬೆರ್ಳಿಟ್ಕಂಡು, ಒಂದೊಂದೇ ಅಕ್ಷರ. ಮಗ, ಮೊಮ್ಮಗ ಅನುಭವಿಸ್ಬೇಕು ಅಂತ ಇತ್ತೇ ಒರ್ತು, ಮಾರಿದ ಮಾತೇ ಇಲ್ಲ. ತಮಿಳು ಮಾತು ಎಲ್ರಿಗೂ ಗೊತ್ತಲ್ಲ, ಎಲ್ರ ಕಿವಿಗೂ ಬಿತ್ತು. ಒಬ್ಬ ಮುದುಕ, 'ಇರವ್ವ, ನಂದೂ ತತ್ತೀನಿ' ಅಂತ ಮನೆ ಕಡೆ ಓಡ್ದ.

ಆಮೇಲೇನು, ಬೆಳಗಾದ್ರೆ ನಮ್ ಬಾಗ್ಲಲ್ಲಿ ಪತ್ರ ಇಡ್ಕಂಡು ಸಾಲು. ಎಷ್ಟೋ ಜನ್ರ ಜಮೀನು ನಮ್ಮಂಗೇ ಓಗಿತ್ತು. ಪುಟ್ಮಾದಪ್ಪ ಎಲೆಕ್ಸನ್ ಸೋತ, ಕೇಸು ಬಿತ್ತು, ಜೀಪು ಮಾರ್ದ, ಕೊನೆಗೆ ಬಸ್ಸಲ್ಲಿ ಪಕ್ಕ ಯಾರೂ ಕೂರ್ತಿರ್ನಿಲ್ಲ. ಕೊಳ್ಳೇಗಾಲದ ಕೋರ್ಟಿಗೆ ಅಲ್ದೂ ಅಲ್ದೂ ತ್ವಾಟ ನಮ್ಗೆ ಬಂತು. ಅವತ್ತು ಅತ್ತೆ ಬಾವಿ ತಾವ ಕುಂತು ಅತ್ಲು ನೋಡಿ, ಗಂಡ ಸತ್ತಾಗ್ಲೂ ಅಂಗೆ ಅತ್ತಿರ್ನಿಲ್ವಂತೆ.

ನಂಗೆ ಭಯ ಆಗಿದ್ದು ಮಾತ್ರ ಆಮೇಲೆ. ಒಬ್ಬ ಬಂದ, ನಾನಿನ್ನೂ ಪತ್ರ ಬಿಚ್ಚೇ ಇಲ್ಲ, 'ಎಲ್ಲವ್ವ ಒತ್ಬೇಕು?' ಅಂತ ಎಬ್ಬೆಟ್ಟು ಚಾಚ್ದ. 'ಲೋ, ನಾನು ಸುಳ್ಳು ಏಳುದ್ರೆ?' ಅಂದೆ. ನಕ್ಬುಟ್ಟ. 'ನೀನಾ? ನೀನು ದೇವ್ರಂಥೋಳು!' ಅಂದ. ಕಾಗದ ಅವ್ನ ಮಕಕ್ಕೆ ಎಸ್ದು, ನಿನ್ ಮಗನ್ನ ಇಸ್ಕೂಲಿಗೆ ಆಕು ಓಗು ಅಂತ ಬಯ್ದು ಕಳ್ಸುದೆ. ನೀವೂ ಅಷ್ಟೇ, ನನ್ ಮಾತೂ ಸೇರ್ಸಿ, ಯಾರು ಏಳುದ್ರೂ ನೀವೇ ಒಂದ್ಸಲ ಓದ್ಕಳಿ. ಏಳಿ, ಉಣ್ಣೇಳಿ.