ವ್ಯಾನಿನೊಳಗೆ ಕಟ್ಟಿದ್ದ ಜೋಲಿಯ ಬಗ್ಗೆ

ಹೆಸರು: ಚೆ ರೊಕಿಯಾ ಬಿಂತಿ ಅವಾಂಗ್ ಸೆಮನ್. ವಯಸ್ಸು: 61. ಉದ್ಯೋಗ: ಬಾಟಿಕ್ ಬಟ್ಟೆ ವ್ಯಾಪಾರ, ಮಾರುಕಟ್ಟೆಯ ಮೇಲಿನ ಮಹಡಿ, ಮೆಟ್ಟಿಲ ಪಕ್ಕದ ಅಂಗಡಿ. ವಾಸ: ಮಸೀದಿ ಹಿಂದಿನ ಓಣಿ, ಕಂಪೊಂಗ್ ತೆಲಗ ನಿಬೊಂಗ್, ಕೆಲಾಂತಾನ್.

ಮೇಲ್ಕಂಡ ನಾನು ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆಯ ಅಪಘಾತದಲ್ಲಿ ಆದ ನಷ್ಟವನ್ನು ಮೊದಲು ಹೇಳಿಬಿಡುತ್ತೇನೆ. ವ್ಯಾಪಾರದವಳಿಗೆ ಅದೇ ಸಲೀಸು. ವ್ಯಾನಿನ ಮುಂದಿನ ಗಾಜು ಒಂದು. ಎಡಗಡೆಯ ದೀಪ ಒಂದು. ಮೀನುರಸದ ಬಾಟಲಿ, ನಾವು ಬುದು ಅನ್ನುವುದು, ಆರು. ಅಳಿಯನ ಕಿವಿಗೆ ಹೊಲಿಗೆ ಎರಡು. ಒಳ್ಳೆಯ ಸರೊಂಗ್, ನಾವು ಉಡುವ ಲುಂಗಿ, ಒಂದು, ಬುದು ವಾಸನೆ ಯಾವ ಸೋಪಿಗೂ ಬಗ್ಗದ ಕಾರಣ ಪೂರ್ತಿ ನಷ್ಟ. ಉಕ್ಕಿನ ಸ್ಪ್ರಿಂಗ್ ಒಂದು, ಎಳೆದು ಸುರುಳಿ ಬಿಟ್ಟುಹೋದದ್ದು, ಜೊತೆಗೆ ತಂದು, ಇದನ್ನು ಬರೆದುಕೊಳ್ಳುತ್ತಿರುವ ಸಾರ್ಜೆಂಟರ ಮೇಜಿನ ಮೇಲಿಟ್ಟಿದ್ದೇನೆ. ಹಸುವಿಗೆ ಏನೂ ಆಗಿಲ್ಲ. ಮೊಮ್ಮಗನ ವಿಷಯ ಅದರ ಸರದಿಯಲ್ಲಿ ಬರುತ್ತದೆ.

ನನ್ನ ಮಗಳು ಸಲ್ಮಿಯಾ, ಅಳಿಯ ರುಸ್ದಿ, ಇವರ ಮಗ ಉಮೈರ್, ನಾಲ್ಕು ತಿಂಗಳ ಕೂಸು, ನನ್ನ ಮೊದಲ ಮೊಮ್ಮಗ. ನಮ್ಮ ಮನೆಗಳಲ್ಲಿ ಮಕ್ಕಳು ಮಲಗುವುದು ಸರೊಂಗ್ ಜೋಲಿಯಲ್ಲಿ. ತೊಲೆಗೆ ಸ್ಪ್ರಿಂಗ್, ಸ್ಪ್ರಿಂಗಿಗೆ ಜೋಲಿ, ಒಮ್ಮೆ ಕೆಳಕ್ಕೆ ಎಳೆದು ಬಿಟ್ಟರೆ ಅದೇ ಕುಣಿಯುತ್ತಿರುತ್ತದೆ, ಮಗು ಮಲಗುತ್ತದೆ, ತಾಯಿ ಅನ್ನ ಬೇಯಿಸುತ್ತಾಳೆ. ಉಮೈರ್ ಜೋಲಿ ಬಿಟ್ಟರೆ ಬೇರೆಲ್ಲೂ ಕಣ್ಣು ಮುಚ್ಚುತ್ತಿರಲಿಲ್ಲ. ಆದ್ದರಿಂದ ವ್ಯಾನಿನ ಒಳಛಾವಣಿಗೆ, ಮುಂದಿನ ಸೀಟುಗಳ ಬೆನ್ನಿನ ಹಿಂದೆ, ಒಂದು ಕೊಕ್ಕೆ ಹಾಕಿಸಿ ಅಲ್ಲಿಯೂ ಜೋಲಿ ಕಟ್ಟಿದೆವು. ಕೊಕ್ಕೆ ಹಾಕಿದ ಕೈ ರುಸ್ದಿಯದು, ಹಾಕಿಸಿದ ಬಾಯಿ ನನ್ನದು. ನೋಡಿದವರೆಲ್ಲ ಮೆಚ್ಚಿದರು. ಓಣಿಯಲ್ಲಿ ಇನ್ನಿಬ್ಬರು ಅದೇ ಮಾದರಿಯಲ್ಲಿ ಕೊಕ್ಕೆ ಹಾಕಿಸಿಕೊಂಡರು.

ಜೂನ್ 9, ಶುಕ್ರವಾರ ಬೆಳಿಗ್ಗೆ ಮಾರುಕಟ್ಟೆಯ ತಿರುವಿನಲ್ಲಿ ಪೊಲೀಸರು ವಾಹನ ನಿಲ್ಲಿಸಿ ಸೀಟ್ ಬೆಲ್ಟ್ ನೋಡುತ್ತಿದ್ದರು. ರುಸ್ದಿ ಓಡಿಸುತ್ತಿದ್ದ ನಮ್ಮ ವ್ಯಾನಿಗೆ ಕೈ ಅಡ್ಡ ಹಿಡಿದವಳು ಕಾರ್ಪೊರಲ್ ನಿಕ್ ಸುಹಾನಾ. ಇವಳು ಮೀನಿನ ಹಪ್ಪಳ ಮಾರುವ ಯಾಹ್‌ಳ ಮಗಳು. ಚಿಕ್ಕವಳಿದ್ದಾಗ ನನ್ನ ಅಂಗಡಿಯ ಬಟ್ಟೆ ಗಂಟಿನ ಮೇಲೆ ಮಲಗಿ ಜೊಲ್ಲು ಸುರಿಸಿದವಳು. ಅವಳು ಕಿಟಕಿಯಲ್ಲಿ ಬಗ್ಗಿ, ಮಕ್ ಚಿಕ್, ಜೋಲೀಲಿ ಏನಿದೆ ಎಂದು ಕೇಳಿದಳು. ಚಿಕ್ಕಮ್ಮ ಅನ್ನುವ ಆ ಮಾತನ್ನು ಟೋಪಿ ಹಾಕಿದ ಮೇಲೂ ಬಿಟ್ಟಿಲ್ಲ, ಅದು ಅವಳ ಒಳ್ಳೆಯತನ. ಬಾಳೆಹಣ್ಣು ಅಂದೆ. ಅಷ್ಟರಲ್ಲಿ ಬಾಳೆಹಣ್ಣು ಸೀನಿತು.

ದಂಡ ಎಷ್ಟು ಎಂದು ಕೇಳಿದೆ. ಇವತ್ತು ದಂಡ ಇಲ್ಲ, ಕುರ್ಚಿ ಇದೆ ಎಂದಳು. ಠಾಣೆಯವರು ಮಕ್ಕಳ ಸೀಟುಗಳನ್ನು ಎರವಲು ಕೊಡುತ್ತಿದ್ದಾರೆಂದೂ, ಮಗು ಬೆಳೆದ ಮೇಲೆ ತಂದು ಕೊಟ್ಟರೆ ಸಾಕೆಂದೂ, ಬಾಡಿಗೆ ಇಲ್ಲವೆಂದೂ ತಿಳಿಸಿದಳು. ಬಾಡಿಗೆ ಇಲ್ಲದ ಸಾಮಾನನ್ನು ನಾನು ಯಾವತ್ತೂ ನಂಬಿದವಳಲ್ಲ. ನಿಮ್ಮಮ್ಮ ನಿನ್ನನ್ನ ಹಪ್ಪಳದ ಬುಟ್ಟೀಲಿ ಕೂರಿಸ್ಕೊಂಡು ಸೈಕಲ್ ಮೇಲೆ ತರ್ತಿದ್ಳು, ಆಗ ಯಾವ ಕುರ್ಚಿ ಇತ್ತು ಅಂತ ಕೇಳಿದೆ. ಬುಟ್ಟೀಗೂ ನನಗೂ ಸೇರಿಸಿ ಹಗ್ಗ ಸುತ್ತಿರ್ತಿದ್ಳು ಮಕ್ ಚಿಕ್, ಅದು ಬಡವರ ಬೆಲ್ಟು ಎಂದಳು. ನಾನು ದನಿ ಏರಿಸಿದೆ.

ಹಿಂದೆ ಸಾಲು ಬೆಳೆಯಿತು. ಸೀಟನ್ನು ವ್ಯಾನಿನ ನಡುಸಾಲಿನಲ್ಲಿ ಬಿಗಿದು ಮಗುವನ್ನು ಅದರಲ್ಲಿ ಇಟ್ಟ ಕೂಡಲೇ ಉಮೈರ್ ಊರಿಗೆಲ್ಲ ಕೇಳುವಂತೆ ಅತ್ತ. ಕೋಳಿ ಸಾಗಿಸುವ ಗಾಡಿಯವನು ತಲೆ ಹೊರಹಾಕಿ, ಲಾಕಪ್ಪಿಗೆ ಹಾಕಿದಂಗೆ ಅಳ್ತಿದೆ, ಯಾರಾದ್ರೂ ಬೇಲ್ ಕೊಡ್ರಪ್ಪಾ ಎಂದ. ಎಲ್ಲರೂ ನಕ್ಕರು. ಕಾರ್ಪೊರಲ್ ಕೂಡ ನಕ್ಕಳು, ಆದರೆ ಕೈ ಬಿಡಲಿಲ್ಲ. ನೀವು ಮನೇಲಿ ಉಟ್ಟು ಹಳೇದಾದ ಸರೊಂಗ್ ಇದ್ರೆ ಕೊಡಿ, ಒಗೀದೇ ಇರೋದು ಎಂದಳು. ಗಂಟಿನಲ್ಲಿ ಒಂದಿತ್ತು. ಪಟ್ಟಿಗಳು ಬರುವ ಕಡೆ ಸೀಳು ಬಿಟ್ಟು, ಮಗುವಿನ ಬೆನ್ನಿಗೂ ಸೀಟಿಗೂ ನಡುವೆ ಒಂದೇ ಪದರ ಹಾಸಿ, ಮೈಗೆ ಒತ್ತುವಂತೆ ಪಟ್ಟಿ ಬಿಗಿದಳು. ಮಗು ಬಟ್ಟೆಯನ್ನು ಮೂಸಿತು. ಅಳು ಇಳಿಯಿತು. ಆದರೂ ಸ್ಪ್ರಿಂಗ್ ಇಲ್ಲದೆ ಮಲಗಲ್ಲ ನೋಡು ಅಂದೆ. ಗಾಡಿ ಬಿಡಿ ಮಕ್ ಚಿಕ್, ನಮ್ಮೂರ ರೋಡಿಗೆ ಬೇರೆ ಸ್ಪ್ರಿಂಗ್ ಬೇಕಾ ಎಂದಳು. ಸೇತುವೆ ದಾಟುವ ಮೊದಲೇ ಮಗು ಮಲಗಿತ್ತು.

ನನಗೆ ಇನ್ನೊಂದು ತಕರಾರಿತ್ತು. ಸೀಟು ಹಿಂದಕ್ಕೆ ಮುಖ ಮಾಡಿರುತ್ತದೆ. ಹೋಗುವ ದಾರಿಗೆ ಬೆನ್ನು ಹಾಕಿದ ಮಗು ಏನು ಉದ್ಧಾರವಾದೀತು ಎಂದು ಮುಂದಿನ ಶುಕ್ರವಾರ ಅವಳನ್ನೇ ಕೇಳಿದೆ. ನೀವು ಕೂರೋದು ಹಿಂದಿನ ಸಾಲಲ್ಲಿ ತಾನೆ, ಅವನು ನೋಡ್ತಿರೋದು ನಿಮ್ಮ ಮುಖಾನ ಎಂದಳು. ಇಷ್ಟು ವರ್ಷ ಗಿರಾಕಿಗಳನ್ನು ಒಪ್ಪಿಸಿದವಳು ನಾನು. ನನಗೇ ಮಾಲು ಮಾರಿದವಳನ್ನು ಅಂದು ಮೊದಲ ಬಾರಿ ಕಂಡೆ.

ಅಂದಿನಿಂದ ಪ್ರತಿ ಶುಕ್ರವಾರ ನಾನೂ ಹೋಗಿ ಅವಳ ಪಕ್ಕ ನಿಂತೆ. ಪೊಲೀಸರ ಮಾತು ಕೇಳದ ಅಜ್ಜಿಯರು ನನ್ನ ಮಾತು ಕೇಳುತ್ತಾರೆ, ಯಾಕೆಂದರೆ ಅರ್ಧ ಜನಕ್ಕೆ ನನ್ನ ಅಂಗಡಿಯಲ್ಲಿ ಸಾಲವಿದೆ. ಠಾಣೆಯ ಹನ್ನೊಂದು ಸೀಟುಗಳಿಗೂ ಆಯಾ ಮನೆಯ ಅಜ್ಜಿಯ ಸರೊಂಗಿನಿಂದ ಹಾಸು ಹೊಲಿದು ಕೊಟ್ಟೆ. ಈಗ ನಮ್ಮೂರಿನ ಕೂಸುಗಳು ಬಾಟಿಕ್ ಹೂವಿನ ಮೇಲೆ ಕೂತು ಹೋಗುತ್ತವೆ. ಆ ಹೊಲಿಗೆ ನನ್ನದು ಎಂಬುದನ್ನು ದಾಖಲೆಯಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಆದರೆ ವ್ಯಾನಿನ ಜೋಲಿಯನ್ನು ನಾನು ಬಿಚ್ಚಲಿಲ್ಲ. ಬಿಚ್ಚಿ ಎಂದು ಕಾರ್ಪೊರಲ್ ಎರಡು ಸಲ ಹೇಳಿದಳು. ಜೋಲಿ ಕಟ್ಟಬಾರದು ಅಂತ ಕಾನೂನಿದೆಯಾ ಎಂದು ಕೇಳಿದೆ. ಅದರಲ್ಲಿ ಮಗು ಮಲಗಿಸ್ಬಾರದು ಮಕ್ ಚಿಕ್ ಎಂದಳು. ಸರಿ, ಸಾಮಾನು ಮಲಗಿಸ್ತೀನಿ ಅಂದೆ. ಅಂದಿನಿಂದ ಒಡೆಯುವ ಸಾಮಾನೆಲ್ಲ ಅದರಲ್ಲೇ ಹೋಗುತ್ತಿತ್ತು. ಒಂದು ಮೊಟ್ಟೆಯೂ ಒಡೆದಿರಲಿಲ್ಲ. ಅದನ್ನೂ ಅವಳಿಗೆ ಹೇಳಿದ್ದೆ.

ನಿನ್ನೆ, ಜುಲೈ 14, ಶುಕ್ರವಾರ. ತಂಗಿಯ ಮನೆಯಲ್ಲಿ ಔತಣ ಇತ್ತು. ಬುದು ಇಲ್ಲದೆ ಅವರ ಮನೆಯಲ್ಲಿ ಅನ್ನ ಇಳಿಯುವುದಿಲ್ಲ, ತರುವುದು ನನ್ನ ಪಾಲು. ಆರು ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಜೋಲಿಯಲ್ಲಿ ಇಡುವಾಗ ರುಸ್ದಿ ಅದನ್ನು ಎತ್ತಿ ನೋಡಿ, ಅಮ್ಮಾ, ಸರಿಯಾಗಿ ನಮ್ಮ ಉಮೈರ್‌ನಷ್ಟೇ ಭಾರ ಇದೆ ಎಂದ. ಮಲ್ಕೋ ಮಲ್ಕೋ ಅಂತ ಎರಡು ಸಲ ತೂಗಿದ. ಸಲ್ಮಿಯಾ, ನಿಜವಾದ ಮಗೂನ ಒಂದು ದಿನ ಹೀಗೆ ತೂಗಿದ್ಯಾ ಅಂತ ಕೇಳಿದಳು. ನಾವು ನಗುತ್ತಲೇ ಹೊರಟೆವು. ರುಸ್ದಿ ಚಾಲಕನ ಸ್ಥಾನದಲ್ಲಿ. ನಡುಸಾಲಿನಲ್ಲಿ ಸಲ್ಮಿಯಾ, ಪಕ್ಕದ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಮಗು. ಹಿಂದಿನ ಸಾಲಿನಲ್ಲಿ ನಾನು. ಎಲ್ಲರೂ ಬೆಲ್ಟ್ ಹಾಕಿದ್ದೆವು. ಬೆಲ್ಟ್ ಇಲ್ಲದೆ ಹೊರಟದ್ದು ಬುದು ಒಂದೇ.

ಸುಮಾರು 9.55ಕ್ಕೆ, ರಬ್ಬರ್ ತೋಟದ ತಿರುವಿನಲ್ಲಿ ಒಂದು ಕೆಂದು ಹಸು ರಸ್ತೆಯ ನಡುವೆ ಅಡ್ಡ ನಿಂತಿತ್ತು. ವೇಗ ಅರವತ್ತು ದಾಟಿರಲಿಲ್ಲ; ದಾಟಿದರೆ ನಾನು ಹಿಂದಿನಿಂದ ಬೈಯುತ್ತೇನೆ, ರುಸ್ದಿಗೆ ಅದು ಗೊತ್ತು. ಅವನು ಬ್ರೇಕ್ ಒತ್ತಿ ಎಡಕ್ಕೆ ತಿರುಗಿಸಿದ. ವ್ಯಾನು ಚರಂಡಿಗೆ ಮೂಗು ಕೊಟ್ಟು ನಿಂತಿತು. ಇದರಲ್ಲಿ ಅವನ ತಪ್ಪು ಇಲ್ಲ. ಹಬ್ಬಕ್ಕೆ ಮಾರುವಾಗ ಒಂದು ಹಸುವಿಗೆ ನಾಲ್ಕು ಜನ ಒಡೆಯರು ಹುಟ್ಟುತ್ತಾರೆ, ರಸ್ತೆಯಲ್ಲಿ ಸಿಕ್ಕಾಗ ಒಬ್ಬನೂ ಇರುವುದಿಲ್ಲ. ಆ ಒಡೆಯನನ್ನು ಹುಡುಕಬೇಕೆಂದು ಕೋರುತ್ತೇನೆ.

ನಾನು ಹಿಂದೆ ಇದ್ದುದರಿಂದ ಎಲ್ಲವೂ ಕಣ್ಣಿಗೆ ಬಿತ್ತು. ಬೆಲ್ಟ್ ನನ್ನನ್ನು ಭುಜ ಹಿಡಿದು ಸೀಟಿಗೆ ಎಳೆಯಿತು. ಜೋಲಿಯ ಸ್ಪ್ರಿಂಗ್ ಉದ್ದವಾಯಿತು. ಜೋಲಿ ಮುಂದಿನ ಎರಡು ಸೀಟುಗಳ ನಡುವಿನಿಂದ ಹೋಯಿತು. ಎಲ್ಲಿಯವರೆಗೆ ಹೋಯಿತು ಎಂದು ನೋಡಿದೆ. ಸದ್ದೂ ಕೇಳಿದೆ. ಮುಂದಿನ ಗಾಜು ಬಿರಿದು ಬಿಳಿಯಾಯಿತು, ಅದರ ಮೇಲಿಂದ ಬುದು ಇಳಿಯಿತು.

ಉಮೈರ್‌ನ ಮುಖ ನನ್ನ ಕಡೆಗಿತ್ತು. ಕಣ್ಣು ತೆರೆದಿತ್ತು. ಸದ್ದಿಲ್ಲ. ನಂತರ ಅವನು ಬಾಯಿ ತೆರೆದು ಅತ್ತ.

ಎಷ್ಟು ಹೊತ್ತಿನ ನಂತರ ಅತ್ತ ಎಂದು ಸಾರ್ಜೆಂಟರು ಕೇಳಿದರು. ನಾನು ಗಡಿಯಾರ ನೋಡಲಿಲ್ಲ. ಅಲ್ಲಿ ಜಾಗ ಬಿಟ್ಟು ಮುಂದೆ ಬರೆಯಿರಿ ಎಂದು ಹೇಳಿದೆ.

ಸಲ್ಮಿಯಾ ಮಗುವಿನ ಮೈಯೆಲ್ಲ ತಡವಿದಳು. ಗೀರು ಸಹ ಇರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರರೂ ಅದನ್ನೇ ಹೇಳಿದರು; ಬಾಟಲಿ ಚೂರು ತಾಗಿದ ರುಸ್ದಿಯ ಕಿವಿಗೆ ಅಲ್ಲೇ ಹೊಲಿಗೆ ಹಾಕಿದರು. ನಾನು ಇಳಿಯಲು ಹೋಗಿ ವ್ಯಾನಿನ ಮೆಟ್ಟಿಲ ಮೇಲೆಯೇ ಕೂತೆ. ಸುಮಾರು 10.20ಕ್ಕೆ ಕಾರ್ಪೊರಲ್ ನಿಕ್ ಸುಹಾನಾ ಮೋಟಾರ್ ಸೈಕಲ್ಲಿನಲ್ಲಿ ಬಂದಳು. ಮೊದಲು ಮಗುವನ್ನು ನೋಡಿದಳು. ಆಮೇಲೆ ಮುಂದಿನ ಗಾಜಿಗೆ ಅಂಟಿದ್ದ ಜೋಲಿಯನ್ನು ನೋಡಿದಳು. ಒಡೆದ ಚೂರುಗಳನ್ನು ಒಂದೊಂದಾಗಿ ಅದರಿಂದ ತೆಗೆದಳು. ನಾನು ಕಾದೆ. ಬೈಯಿ, ಟೋಪಿ ಇದೆ ತಲೆ ಮೇಲೆ, ಬೈಯೋ ಹಕ್ಕಿದೆ ನಿಂಗೆ ಅಂದೆ. ಬೈಯೋಕೆ ಏನಿದೆ ಮಕ್ ಚಿಕ್, ಮಗೂನ ಎಲ್ಲಿಡ್ಬೇಕೋ ಅಲ್ಲೇ ಇಟ್ಟಿದ್ರಿ ಎಂದಳು. ಕೊನೆಯ ಚೂರನ್ನು ತೆಗೆದು, ಈ ವಾಸನೆಗೆ ಮಾತ್ರ ದಂಡ ಹಾಕ್ಬೇಕು ಎಂದಳು. ನಾವಿಬ್ಬರೂ ನಗಲು ಹೋದೆವು. ನಾನು ಅತ್ತೆ. ಅವಳ ವಿಷಯ ಅವಳೇ ಹೇಳಲಿ.

ಅಪಘಾತ ಕಂಡ ಸೀಟನ್ನು ಮತ್ತೆ ಯಾರಿಗೂ ಕೊಡಬಾರದಂತೆ. ಅವಳು ಅದರ ಪಟ್ಟಿಗಳನ್ನು ನನ್ನ ಮುಂದೆಯೇ ಕತ್ತರಿಸಿದಳು. ಹಾಸನ್ನು ನಾನು ಮನೆಗೆ ತಂದೆ. ಆ ಒಂದಕ್ಕೆ ಬದಲು ಎರಡು ಸೀಟು ಠಾಣೆಗೆ ಕೊಡುತ್ತೇನೆ. ಸಾಲ ಬಾಕಿ ಇಟ್ಟ ಅಭ್ಯಾಸ ನನಗಿಲ್ಲ. ಮೇಜಿನ ಮೇಲಿರುವ ಸ್ಪ್ರಿಂಗನ್ನು ಸಾಕ್ಷಿಯ ಕೆಲಸ ಮುಗಿದ ಮೇಲೆ ಮಾರುಕಟ್ಟೆಯ ತಿರುವಿನಲ್ಲಿ ನೇತುಹಾಕಬೇಕು. ಹಟಮಾರಿ ಅಜ್ಜಿಯರಿಗೆ ಮಾತು ಬೇಡ, ಅದನ್ನು ತೋರಿಸಿದರೆ ಸಾಕು.

ಕೊನೆಗೆ ಯಾರಿಗೆ ಏನು ಸಿಕ್ಕಿತು ಎಂಬುದು ಹೀಗಿದೆ. ಹಸುವಿಗೆ ದಾರಿ. ಅದರ ಒಡೆಯನಿಗೆ ಬಚ್ಚಿಟ್ಟುಕೊಳ್ಳಲು ಇನ್ನೂ ಒಂದು ದಿನ. ರುಸ್ದಿಗೆ ಹೊಸ ಗಾಜು, ನನ್ನ ಖರ್ಚಿನಲ್ಲಿ. ನಮ್ಮ ಓಣಿಯ ಇನ್ನೆರಡು ವ್ಯಾನಿನವರಿಗೆ ಬುದ್ಧಿ. ಇವತ್ತು ಬೆಳಿಗ್ಗೆ ಯಾರೂ ಹೇಳದೆ ಕೊಕ್ಕೆ ಕಿತ್ತಿದ್ದಾರೆ. ಕಾರ್ಪೊರಲ್ಲಿಗೆ ಠಾಣೆಯ ಬಾಗಿಲಲ್ಲಿ ಸೀಟು ಕೇಳಿಕೊಂಡು ಕೂತಿರುವ ನಾಲ್ವರು ಅಜ್ಜಿಯರು. ಯಾಹ್‌ಗೆ, ತಲೆ ಎತ್ತಿಕೊಂಡು ಹಪ್ಪಳ ಮಾರಲು ಒಬ್ಬ ಮಗಳು. ನನಗೆ ಭುಜದಿಂದ ಸೊಂಟದವರೆಗೆ ಬೆಲ್ಟಿನ ಅಗಲದ ನೀಲಿ ಗುರುತು. ಮಾರುಕಟ್ಟೆಯ ಹೆಂಗಸರಿಗೆಲ್ಲ ತೋರಿಸಿದ್ದೇನೆ, ಸಾರ್ಜೆಂಟರು ನಂಬಿದರೆ ಸಾಕು. ಉಮೈರ್‌ಗೆ ನಿನ್ನೆ ಸಂಜೆಯ ಸ್ನಾನ, ರಾತ್ರಿಯ ಹಾಲು, ಇವತ್ತು ಬೆಳಿಗ್ಗೆ ಒಂದು ಸೀನು.

ಇಲ್ಲಿ ಬರೆದಿರುವುದು ನಾನು ಕಂಡದ್ದು ಮತ್ತು ನಾನೇ ಆಡಿದ್ದು. ಓದಿಸಿ ಕೇಳಿದ್ದೇನೆ, ಎರಡು ಕಡೆ ತಿದ್ದಿಸಿದ್ದೇನೆ, ಉಳಿದದ್ದು ಸತ್ಯವೆಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ತೆಲಗ ನಿಬೊಂಗ್ ಠಾಣೆ
ದಿನಾಂಕ: 15 ಜುಲೈ 2023, ಶನಿವಾರ
ರುಜು: ಚೆ ರೊಕಿಯಾ ಬಿಂತಿ ಅವಾಂಗ್ ಸೆಮನ್